ಸುಮ್ನೆ ಇರೋರ ಲೆಕ್ಕ

ನಮೂನೆಯಲ್ಲಿ ‘ಸುಮ್ನೆ ಇದಾನೆ’ ಅನ್ನುವುದಕ್ಕೊಂದು ಚೌಕ ಇಟ್ಟಿದ್ದರೆ ಆ ದಿನದ ರಾದ್ಧಾಂತ ಒಂದೂ ಆಗುತ್ತಿರಲಿಲ್ಲ.

ನಮೂನೆ ತಯಾರಿಸಿದವರು ದೊಡ್ಡ ಓದು ಓದಿದವರು. ಹದಿನೈದು ವರ್ಷದಿಂದ ಇಪ್ಪತ್ತೊಂಬತ್ತರ ತನಕದ ಸಕಲ ಯುವಜನರಿಗೂ ಅವರು ಮೂರೇ ಚೌಕ ಕೊಟ್ಟಿದ್ದರು: ಉದ್ಯೋಗಿ, ನಿರುದ್ಯೋಗಿ, ಲೆಕ್ಕದ ಹೊರಗೆ. ಆದರೆ ಆ ಬೀದಿಯಲ್ಲಿ ಯಾವ ಬಾಗಿಲು ತಟ್ಟಿ "ನಿಮ್ಮ ಮಗ ಏನು ಮಾಡ್ಕೊಂಡಿದಾನೆ?" ಅಂತ ಕೇಳಿದರೂ ಒಳಗಿನಿಂದ ಬರುವ ಉತ್ತರ ಒಂದೇ. "ಏನಿಲ್ಲಪ್ಪಾ, ಸುಮ್ನೆ ಇದಾನೆ."

ಬಾಗಿಲು ತಟ್ಟಬೇಕಾಗಿದ್ದವನಿಗೆ ಬೀದಿಯವರು ಇಟ್ಟ ಹೆಸರು ಅರ್ಜಿ. ಪದವಿ ಮುಗಿದ ಮೇಲಿನ ನಾಲ್ಕು ವರ್ಷದಲ್ಲಿ ಅವನು ಹಾಕದ ಅರ್ಜಿ ಇರಲಿಲ್ಲ. ಬ್ಯಾಂಕಿಗೆ ಹಾಕಿದ, ಬಂದರಿಗೆ ಹಾಕಿದ, ಮೃಗಾಲಯದಲ್ಲಿ ಆನೆ ನೋಡಿಕೊಳ್ಳುವವರು ಬೇಕು ಅಂದಾಗ ಅದಕ್ಕೂ ಹಾಕಿದ. ಆನೆಯ ಕಡೆಯಿಂದ ಒಂದು ವಿಷಾದದ ಪತ್ರವಾದರೂ ಬಂತು, ಮಿಕ್ಕವರು ಅಷ್ಟೂ ಮಾಡಲಿಲ್ಲ. ಇಪ್ಪತ್ತಾರು ವರ್ಷದ ಗಂಡಸನ್ನು ಕಂಡಕಂಡವರೆಲ್ಲ ತಡೆದು "ಏನಪ್ಪಾ ಅರ್ಜಿ, ಏನ್ ಮಾಡ್ತಾ ಇದೀಯ?" ಅಂತ ಕೇಳುವುದು, ಅವನು ಚಪ್ಪಲಿ ನೋಡಿಕೊಂಡು "ಸುಮ್ನೆ ಇದೀನಿ" ಅನ್ನುವುದು, ಇದೇ ನಡೆದಿತ್ತು. ಅವನಿಗೆ ನಾಚಿಕೆಯಾಗುತ್ತಿತ್ತು. ಆ ಪ್ರಶ್ನೆ ತಪ್ಪಿಸಿಕೊಳ್ಳಲೆಂದೇ ಹಿಂದಿನ ಓಣಿಯಿಂದ ಸುತ್ತಿ ಬಳಸಿ ಮನೆ ಸೇರುತ್ತಿದ್ದ.

ಅಂಥವನಿಗೆ ಒಂದು ದಿನದ ಕೆಲಸ ಸಿಕ್ಕಿತು. ಯುವಜನರ ನಿರುದ್ಯೋಗದ ಪ್ರಮಾಣ ಅಳೆಯುವ ಸಮೀಕ್ಷೆಗೆ, ಅವನದೇ ಬೀದಿಯಲ್ಲಿ, ಗಣತಿದಾರ. ಅಮ್ಮ ಪೆಟ್ಟಿಗೆಯಿಂದ ಇಸ್ತ್ರಿ ಅಂಗಿ ತೆಗೆದು ಕೊಟ್ಟಳು. ಗುಂಡಿ ಒಂದು ಕಮ್ಮಿ ಇತ್ತು, ಆದರೂ ಅಂಗಿ ಅಂಗಿಯೇ.

ಬೆಳಿಗ್ಗೆ ಎಂಟಕ್ಕೆ ಬೀದಿಯ ಮೂಲೆಯಲ್ಲಿ ಮೇಲ್ವಿಚಾರಕಿ ಕಾದಿದ್ದರು. ಕನ್ನಡಕಕ್ಕೆ ದಾರ, ಕಂಕುಳಲ್ಲಿ ರಟ್ಟಿನ ಫೈಲು, ಮಾತು ಅಳೆದು ತೂಗಿ.

"ಮೂರು ಪ್ರಶ್ನೆ. ನೆನಪಿಟ್ಕೊಳ್ಳಿ. ಇವತ್ತೂ ಸೇರಿ ಕಳೆದ ಏಳು ದಿನದಲ್ಲಿ, ಸಂಬಳಕ್ಕಾಗಲಿ ಮನೆಯ ವ್ಯಾಪಾರಕ್ಕಾಗಲಿ ಒಂದು ಗಂಟೆ ಕೆಲಸ ಮಾಡಿದ್ರೆ, ಉದ್ಯೋಗಿ."

"ಒಂದೇ ಗಂಟೆನಾ ಮೇಡಂ?"

"ಒಂದೇ ಗಂಟೆ. ಎಲ್ಲ ಕಡೆ ಒಂದೇ ಗಜಕಡ್ಡಿ ಇದ್ರೆ ತಾನೆ ಹೋಲಿಸಿ ನೋಡೋಕಾಗೋದು?"

"ಐವತ್ತೊಂಬತ್ತು ನಿಮಿಷ ಮಾಡಿದ್ರೆ?"

ಮೇಲ್ವಿಚಾರಕಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಮಾಡಿಲ್ಲ ಅಂದ್ರೆ ಎರಡನೇ ಪ್ರಶ್ನೆ: ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದಾರಾ? ಮೂರನೇದು: ಸಿಕ್ಕರೆ ತಕ್ಷಣ ಹೋಗ್ತಾರಾ? ಎರಡಕ್ಕೂ ಹೌದು ಅಂದ್ರೆ ಮಾತ್ರ ನಿರುದ್ಯೋಗಿ. ಹುಡುಕಿಲ್ಲದೋರು ಲೆಕ್ಕದ ಹೊರಗೆ. ನಿಮ್ಮ ಮನೆ ಮಾತ್ರ ನೀವು ಬರೀಬಾರದು, ಅದನ್ನ ಸಂಜೆ ನಾವು ನೋಡ್ಕೋತೀವಿ."

ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಅರ್ಜಿಯ ಕಿವಿ ನೆಟ್ಟಗಾದದ್ದು ಅದಕ್ಕೆ. ಬೀದಿಯಲ್ಲಿ ಒಬ್ಬರಾದರೂ ನಿರುದ್ಯೋಗಿ ಯುವಜನ ಇದ್ದರೆ ಕಚೇರಿ ಆ ಬೀದಿಯನ್ನು ಆರು ತಿಂಗಳು ಬಿಡದೆ ಗಮನಿಸುತ್ತದೆ. ಮನೆಮನೆ ಸುತ್ತಿ ವಿಚಾರಿಸಲು ಸಂಬಳದ ಆಳು ಬೇಕು. "ಆ ಕೆಲಸವನ್ನ ಬೀದಿಯ ನಿರುದ್ಯೋಗಿಗಳಲ್ಲೇ ಒಬ್ಬರಿಗೆ ಕೊಡ್ತೀವಿ. ನೀವು ಬರೆದು ತರೋ ಮನೆಗಳಲ್ಲಿ ಯಾರೂ ಇಲ್ಲ, ಸೊನ್ನೆ ಅಂತ ಬಂದ್ರೆ, ಈ ಬೀದಿ ಫೈಲು ಇವತ್ತೇ ಮುಚ್ಚಿದಂಗೆ."

ಅರ್ಜಿಗೆ ನಗು ಬಂತು. ಈ ಬೀದಿಯಲ್ಲಿ ಸೊನ್ನೆಯಂತೆ! ಸಂಜೆಯಾದರೆ ಮೋರಿಕಟ್ಟೆಯ ಮೇಲೆ ಸಾಲಾಗಿ ಕೂರುವವರೆಲ್ಲ ಮತ್ತೆ ಯಾರು? ಇನ್ನು ಆ ಕೆಲಸಕ್ಕೆ ತನಗಿಂತ ಅನುಭವಸ್ಥ ನಿರುದ್ಯೋಗಿ ಎಲ್ಲಿ ಸಿಕ್ಕಾನು? ಆರು ತಿಂಗಳು ಆಗಲೇ ಜೇಬಿನಲ್ಲಿದ್ದಷ್ಟು ಹಗುರಾಗಿ ಹೆಜ್ಜೆ ಹಾಕಿದ.

ಮೊದಲನೇದು ದರ್ಜಿಯ ಮನೆ. ಮುಂದಿನ ಕೋಣೆಯೇ ಅಂಗಡಿ. ಮೆಷಿನ್ನಿನ ಹಿಂದೆ ಅಪ್ಪ, ಮೂಲೆಯ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷದ ಮಗ.

"ಮಾಮ, ಮಗ ಏನ್ ಮಾಡ್ಕೊಂಡಿದಾನೆ?"

"ಇವನಾ? ದಂಡಪಿಂಡ! ಸುಮ್ನೆ ಇದಾನೆ. ನಿರುದ್ಯೋಗಿ ಅಂತ ದಪ್ಪ ಅಕ್ಷರದಲ್ಲಿ ಬರ್ಕೊ."

ಅರ್ಜಿ ಸಂತೋಷದಿಂದ ಪೆನ್ನು ಬಿಚ್ಚಿದ. ಆಮೇಲೆ ಮಗನ ಕೈ ನೋಡಿದ. ಮಗ ಒಂದು ಕೋಟಿಗೆ ಗುಂಡಿ ಹಾಕುತ್ತಿದ್ದ. ಪಕ್ಕದಲ್ಲಿ ಗುಂಡಿ ಹಾಕಿ ಮುಗಿಸಿದ ಎಂಟು ಅಂಗಿ ಮಡಿಸಿಟ್ಟಿದ್ದವು.

"ಇದು... ದಿನಾ ಮಾಡ್ತೀಯಾ?"

"ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಎರಡು," ಅಂದ ಮಗ, ಬಾಯಲ್ಲಿ ಕಚ್ಚಿದ್ದ ದಾರ ಬಿಡದೆ.

"ಅದೂ ಒಂದು ಕೆಲಸಾನಾ?" ಅಂದ ದರ್ಜಿ. "ಮನೇಲಿ ಕೂತಿದಾನೆ ಅಂತ ಸುಮ್ನೆ ಗುಂಡಿ ಹಾಕ್ತಾನೆ."

"ಮಾಮ, ವಾರಕ್ಕೆ ಒಂದು ಗಂಟೆ ಮಾಡಿದ್ರೂ ಉದ್ಯೋಗಿ. ಇವನು ದಿನಕ್ಕೆ ಐದು ಮಾಡ್ತಾನೆ."

ಮಗನ ಸೂಜಿ ನಿಂತಿತು. ದರ್ಜಿಯ ಮೆಷಿನ್ನೂ ನಿಂತಿತು. "ಮೆಲ್ಲಗೆ ಹೇಳೋ," ದರ್ಜಿ ಪಿಸುಗುಟ್ಟಿದ. "ಕೇಳಿಸ್ಕೊಂಡ್ರೆ ಕೂಲಿ ಕೇಳ್ತಾನೆ."

ಅವನು ಕೇಳಿಸಿಕೊಂಡಾಗಿತ್ತು.

ಎರಡನೇ ಮನೆಯಲ್ಲಿ ಕಿರಾಣಿ ಅಂಗಡಿ. ಅಂಗಡಿಯಾಕೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೇ ಅರ್ಜಿಯನ್ನು ತಡೆದಳು. "ನನ್ನ ಮಗ ಸುಮ್ನೆ ಇದಾನೆ ಅಂತ ಎಲ್ಲಾದ್ರೂ ಬರ್ದೆಯೋ, ನೋಡು ಮತ್ತೆ! ಹೆಣ್ಣಿನ ಕಡೆಯೋರು ವಿಚಾರಿಸ್ತಾ ಇದಾರೆ. ಬಿಸಿನೆಸ್ ಅಂತ ಬರಿ."

"ಅತ್ತೆ, ನಿಜವಾಗ್ಲೂ ಏನ್ ಮಾಡ್ತಾನೆ ಅಂತ ಬರೀಬೇಕು."

"ಮಧ್ಯಾಹ್ನ ನಾನು ಮಲಗಿದಾಗ ಎರಡು ಗಂಟೆ ತಕ್ಕಡಿ ಹಿಡೀತಾನೆ."

ಅಲ್ಲಿಗೆ ಅವನೂ ಉದ್ಯೋಗಿ. ಅಂಗಡಿಯಾಕೆ ಹಿಗ್ಗಿ ಹೀರೇಕಾಯಿಯಾಗಿ ಅರ್ಜಿಯ ಕೈಗೆ ಎರಡು ಬಿಸ್ಕತ್ತು ಇಟ್ಟಳು.

ಮನೆಯಿಂದ ಮನೆಗೆ ಹೋದ ಹಾಗೆ ಅರ್ಜಿಗೆ ಅಚ್ಚರಿ ಹೆಚ್ಚುತ್ತ ಹೋಯಿತು. ಮೋರಿಕಟ್ಟೆಯ ಮೇಲೆ ಇಷ್ಟು ವರ್ಷ ಜೊತೆಗೆ ಕುಳಿತವರ ಬದುಕು ಅವನಿಗೆ ಗೊತ್ತೇ ಇರಲಿಲ್ಲ. ಒಬ್ಬ ಭಾನುವಾರ ಮದುವೆ ಮನೆಗಳಲ್ಲಿ ಕುರ್ಚಿ ಜೋಡಿಸುತ್ತಿದ್ದ. ಎಂಜಿನಿಯರಿಂಗ್ ಓದಿದ ಇನ್ನೊಬ್ಬ ಬೆಳಗಿನ ಜಾವ ಪೇಪರ್ ಹಾಕಿ, ಯಾರೂ ನೋಡುವ ಮುಂಚೆ ಮನೆಗೆ ಬಂದು ಮಲಗಿಬಿಡುತ್ತಿದ್ದ. ಒಬ್ಬಳು ಸೊಸೆ ನಸುಕಿನಿಂದ ರಾತ್ರಿವರೆಗೆ ಎರಡು ಮಕ್ಕಳು, ಮಲಗಿದಲ್ಲೇ ಇದ್ದ ಮಾವ, ಏಳು ಜನರ ಅಡುಗೆ, ಎಲ್ಲ ನೋಡಿಕೊಳ್ಳುತ್ತಿದ್ದಳು. ಅವಳ ಅತ್ತೆ ಹೇಳಿದ್ದು, "ಸುಮ್ನೆ ಮನೇಲಿದಾಳೆ." ನಮೂನೆಯೂ ಅದನ್ನೇ ಹೇಳಿತು: ಲೆಕ್ಕದ ಹೊರಗೆ. ಅರ್ಜಿ ಪುಟದ ಅಂಚಿನಲ್ಲಿದ್ದ ಷರಾ ಕಾಲಮ್ಮಿನಲ್ಲಿ, ಯಾರೂ ಕೇಳದಿದ್ದರೂ, ಅವಳು ಮಾಡುವುದನ್ನೆಲ್ಲ ಬರೆದ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋದ.

ಒಂಬತ್ತನೇದು ಮೇಷ್ಟ್ರ ಮನೆ. ಬಾಗಿಲು ತೆಗೆದವಳು ಮಗಳು. ಗಣಿತದಲ್ಲಿ ಪದವಿ, ಮೊದಲನೇ ದರ್ಜೆ, ಇಪ್ಪತ್ತನಾಲ್ಕು ವರ್ಷ. ಒಳಗಿನಿಂದ ಮೇಷ್ಟ್ರು "ಸುಮ್ನೆ ಇದಾಳಪ್ಪಾ!" ಅಂತ ಕೂಗಿದರು.

"ಈ ವಾರ ಏನಾದ್ರೂ ಕೆಲಸ ಮಾಡಿದ್ರಾ?"

"ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟೆ."

"ಫೀಸು?"

"ಇಲ್ಲ. ಸುಮ್ನೆ."

ಸುಮ್ನೆ ಹೇಳಿಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಗೆ ಜೀವ ಬಂದಂತಾಯಿತು. ಕೊನೆಗೂ ಒಬ್ಬರು! "ಕೆಲಸ ಹುಡುಕ್ತಾ ಇದೀರಲ್ಲ?"

"ಎರಡು ವರ್ಷ ಹುಡುಕಿದೆ. ಸಾಕಾಯ್ತು, ಬಿಟ್ಟೆ."

ಅರ್ಜಿಯ ಪೆನ್ನು ಗಾಳಿಯಲ್ಲೇ ನಿಂತಿತು. "ಹಾಗಾದ್ರೆ ನೀವು ಲೆಕ್ಕದ ಹೊರಗೆ."

ಅವಳಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ನಮೂನೆಯನ್ನು ಅವನ ಕೈಯಿಂದ ಇಸಿದುಕೊಂಡು ಬಾಗಿಲಲ್ಲೇ ನಿಂತು ಓದಿದಳು. "ಅಂದ್ರೆ ಹೋದ ವರ್ಷ ನಾನು ನಿರುದ್ಯೋಗಿ ಆಗಿದ್ದೆ. ಆಸೆ ಬಿಟ್ಟ ತಕ್ಷಣ ನಿರುದ್ಯೋಗ ಕಮ್ಮಿ ಆಯ್ತು?"

"ಹೌದು."

"ಬೀದಿಯೋರೆಲ್ಲ ಆಸೆ ಬಿಟ್ರೆ?"

"ಸೊನ್ನೆ ಆಗುತ್ತೆ."

"ಚೆನ್ನಾಗಿದೆ! ಜ್ವರ ಇಳೀತಾ, ಇಲ್ಲ ರೋಗಿ ಎದ್ದು ಹೋದ್ನಾ ಅಂತ ಈ ಒಂದು ಸಂಖ್ಯೆ ಹೇಳಲ್ಲ. ಪಕ್ಕದಲ್ಲಿ ಲೆಕ್ಕದ ಹೊರಗಿರೋರ ಸಂಖ್ಯೆನೂ ಇಟ್ಟು ಓದಬೇಕು." ನಮೂನೆ ತಿರುಗಿಸಿ ಕೊಟ್ಟಳು. "ನಿಮ್ಮ ಷರಾ ಚೆನ್ನಾಗಿದೆ. ಕಾಗುಣಿತ ಮಾತ್ರ ಒಂದೆರಡು ಕಡೆ ತಪ್ಪಿದೆ."

ಮಧ್ಯಾಹ್ನ ಎರಡು ಗಂಟೆಗೆ ಹದಿನಾಲ್ಕು ಮನೆ ಮುಗಿದವು. ಅರ್ಜಿ ಅಂಗಡಿ ಮುಂದಿನ ಬೆಂಚಿನ ಮೇಲೆ ಕುಳಿತು ಕೂಡಿಸಿದ. ಉದ್ಯೋಗಿ ಹನ್ನೊಂದು. ಲೆಕ್ಕದ ಹೊರಗೆ ಒಂಬತ್ತು. ನಿರುದ್ಯೋಗಿ ಸೊನ್ನೆ. ಕೆಳಗಿನಿಂದ ಮೇಲಕ್ಕೆ ಕೂಡಿಸಿದ. ಸೊನ್ನೆ ಅಲ್ಲಾಡಲಿಲ್ಲ.

ತನ್ನನ್ನು ತಾನೇ ಬರೆದುಕೊಳ್ಳುವ ಹಾಗೂ ಇರಲಿಲ್ಲ. ಆರು ತಿಂಗಳ ಕೆಲಸ, ನಾಲ್ಕು ವರ್ಷ ಕಾದು ಸಿಕ್ಕ ಮೊದಲ ಕೆಲಸ, ಒಂದು ಸೊನ್ನೆಯ ತೂತಿನಲ್ಲಿ ಜಾರಿ ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಮತ್ತೆ ಹಿಂದಿನ ಓಣಿಯೇ ಗತಿ.

"ಯಾಕೋ ಮುಖ ಹಾಗ್ ಮಾಡ್ಕೊಂಡಿದೀಯ?" ಅಂದಳು ಅಂಗಡಿಯಾಕೆ.

"ಏನ್ ಹೇಳ್ಲಿ ಅತ್ತೆ. ಬೀದೀಲಿ ಒಬ್ಬರಾದ್ರೂ ನಿರುದ್ಯೋಗಿ ಇದ್ದಿದ್ರೆ ಆರು ತಿಂಗಳ ಕೆಲಸ ಇತ್ತು."

ಅವನು ಹೇಳಬಾರದಾಗಿತ್ತು. ಅಂಗಡಿಯಾಕೆಯ ಕಿವಿಗೆ ಬಿದ್ದದ್ದು ‘ನಿರುದ್ಯೋಗಿ’ ಮತ್ತು ‘ಆರು ತಿಂಗಳ ಕೆಲಸ’, ಎರಡೇ. ನಡುವಿನ ಮಾತನ್ನು ಅವಳೇ ತುಂಬಿಕೊಂಡಳು. ಕಾಲು ಗಂಟೆಯಲ್ಲಿ ಬೀದಿಗೆ ಬೀದಿಯೇ ಬೆಂಚಿನ ಸುತ್ತ ನೆರೆಯಿತು.

"ನನ್ನ ಮಗನ ಹೆಸರು ಅಳಿಸು!" ಮೊದಲು ಎಗರಿದವಳು ಅಂಗಡಿಯಾಕೆಯೇ. "ತಕ್ಕಡಿ ಹಿಡಿಯೋದೂ ಒಂದು ಉದ್ಯೋಗಾನಾ? ಸುಮ್ನೆ ಹಿಡೀತಾನೆ! ನಿರುದ್ಯೋಗಿ ಅಂತ ಬರಿ. ಬಿಸ್ಕತ್ತು ತಿಂದಿದೀಯ ನನ್ನದು."

"ಹೆಣ್ಣಿನ ಕಡೆಯೋರು?"

"ಅವರಿಗೆ ಆಮೇಲೆ ಹೇಳ್ಕೊಳೋಣ!"

ದರ್ಜಿ ಮಗನ ತೋಳು ಹಿಡಿದು ಎಳೆದು ತಂದ. "ಇವನು ಈ ಕ್ಷಣದಿಂದ ಗುಂಡಿ ಮುಟ್ಟಲ್ಲ. ಬರ್ಕೊ!"

"ನಾನು ಉದ್ಯೋಗೀನೇ," ಅಂದ ಮಗ ಗಟ್ಟಿಯಾಗಿ. "ಮೂರು ವರ್ಷದ ಕೂಲಿ ಕೊಡು ಅಪ್ಪಾ. ಕೊಡೋವರೆಗೂ ಗುಂಡಿ ಮುಟ್ಟಲ್ಲ, ಅದು ನನ್ನ ಮಾತೂ ಹೌದು." ತೋಳು ಬಿಡಿಸಿಕೊಂಡು ಮೋರಿಕಟ್ಟೆಯ ಕಡೆ ನಡೆದ.

ಗಡಿಯಾರ ರಿಪೇರಿಯವನಿಗೆ ಐವತ್ತೆಂಟು ದಾಟಿತ್ತು. ಅವನೂ ತಲೆಗೂದಲಿಗೆ ಬಣ್ಣ ಬಳಿದು, ಕಿವಿಯ ಮೇಲಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಹಾಗೇ ಬಂದು ನಿಂತ.

"ವಯಸ್ಸು?" ಅಂದ ಅರ್ಜಿ.

"ಇಪ್ಪತ್ತೊಂಬತ್ತು."

"ಅಣ್ಣಾ, ನಿಮ್ಮ ಮೊಮ್ಮಗಳು ಸ್ಕೂಲಿಗೆ ಹೋಗ್ತಾಳೆ."

"ನನ್ನದು ಇಪ್ಪತ್ತೊಂಬತ್ತಕ್ಕೇ ನಿಂತುಹೋಗಿದೆ ಕಣೋ. ರಿಪೇರಿ ಮಾಡ್ಸಿಲ್ಲ."

ಯಾರೋ ಅಂಗಿಯ ತೋಳು ಎಳೆದರು, ಉಳಿದಿದ್ದ ಗುಂಡಿಗಳಲ್ಲಿ ಇನ್ನೆರಡು ಹಾರಿದವು. ಅರ್ಜಿ ನಮೂನೆಗಳನ್ನು ಎದೆಗವಚಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಸುಳ್ಳು ಬರೆದುಬಿಡಬಹುದಿತ್ತು. ಪೆನ್ನೂ ಇತ್ತು, ಚೌಕವೂ ಖಾಲಿ ಇತ್ತು. ಆದರೆ ದಿನವಿಡೀ ಜನ ಅವನ ಮುಂದೆ ಬಿಚ್ಚಿಟ್ಟ ನಿಜಗಳ ಮೇಲೆ ಸುಳ್ಳೊಂದನ್ನು ಬರೆಯಲು ಅವನಿಗೆ ಕೈ ಬರಲಿಲ್ಲ. ಓಡುತ್ತಲೇ ಒಂದು ದಾರಿ ಹೊಳೆಯಿತು. ನೇರ ಮೇಷ್ಟ್ರ ಮನೆಗೆ ಹೋಗಿ ಬಾಗಿಲು ಬಡಿದ.

"ಒಂದು ಉಪಕಾರ ಆಗ್ಬೇಕು," ಏದುಸಿರು ಬಿಡುತ್ತ ಮಗಳಿಗೆ ಹೇಳಿದ. "ಒಂದೇ ಒಂದು ಅರ್ಜಿ ಹಾಕಿ. ಹಾಕಿದ್ರೆ ನೀವು ಕೆಲಸ ಹುಡುಕಿದ ಹಾಗೆ. ಹುಡುಕಿದ್ರೆ ನಿರುದ್ಯೋಗಿ. ನೀವೊಬ್ಬರು ನಿರುದ್ಯೋಗಿ ಆದ್ರೆ ನನಗೆ ಕೆಲಸ ಸಿಗುತ್ತೆ."

ಅವಳು ಅವನ ಕೈಯಲ್ಲಿದ್ದ ಮೊತ್ತ ನೋಡಿ ಮನಸ್ಸಿನಲ್ಲೇ ಭಾಗಿಸಿದಳು. "ಲೆಕ್ಕದ ಹೊರಗಿರೋರನ್ನ ಬಿಟ್ರೆ ಈಗ ಹನ್ನೊಂದಕ್ಕೆ ಸೊನ್ನೆ. ನಾನು ಸೇರಿದ್ರೆ ಹನ್ನೆರಡಕ್ಕೆ ಒಂದು. ನೂರಕ್ಕೆ ಎಂಟು ಚಿಲ್ಲರೆ. ಒಂದು ಹಾಳೆ ಬರೆದ್ರೆ ಇಡೀ ಬೀದಿಯ ನಿರುದ್ಯೋಗ ಸೊನ್ನೆಯಿಂದ ಎಂಟಕ್ಕೆ ಹಾರುತ್ತೆ. ನೋಡೇಬಿಡೋಣ!" ಅವಳ ಕಣ್ಣು ಮಿನುಗಿತು. "ಆದ್ರೆ ಸುಳ್ಳು ಅರ್ಜಿ ಬರೆಯಲ್ಲ. ಸಿಕ್ಕರೆ ಹೋಗ್ತೀನಿ, ಅದಕ್ಕೆ ಒಪ್ಪಿಗೆನಾ?"

"ಧಾರಾಳವಾಗಿ ಹೋಗಿ!" ನಾಲ್ಕು ವರ್ಷ ಅರ್ಜಿ ಹಾಕಿದವನಿಗೆ ಆ ಭಯ ಎಲ್ಲಿಂದ ಬರಬೇಕು?

"ಯಾರಿಗೆ ಬರೀಲಿ?"

"ಯಾರಿಗಾದ್ರೂ ಬರೀರಿ. ಸುಮ್ನೆ."

ಹತ್ತಿರದಲ್ಲಿ ಕಂಡ ವಿಳಾಸ ಒಂದೇ, ನಮೂನೆಯ ತಲೆಯ ಮೇಲೆ ಅಚ್ಚಾಗಿದ್ದದ್ದು. ‘ಮೇಲ್ವಿಚಾರಕರು, ಯುವಜನ ಉದ್ಯೋಗ ಸಮೀಕ್ಷೆ’ ಅಂತ ಬರೆದು, ಅರ್ಧ ಪುಟದಲ್ಲಿ ಮುಗಿಸಿ, ಕೆಳಗೆ ಸಹಿ ಹಾಕಿದಳು. ಕಾಗುಣಿತ ಒಂದೂ ತಪ್ಪಿರಲಿಲ್ಲ.

ಐದು ಗಂಟೆಗೆ ಮೂಲೆಯಲ್ಲಿ ಮೇಲ್ವಿಚಾರಕಿ ನಮೂನೆಗಳನ್ನು ತಿರುವಿದರು. ಬೀದಿಯೆಲ್ಲ ಸುತ್ತ ನಿಂತಿತ್ತು. ಮೇಷ್ಟ್ರ ಮಗಳೇ ಬಂದು ತಾನು ಬರೆದ ಅರ್ಜಿಯನ್ನು ಅವರ ಕೈಗಿಟ್ಟಳು. ಅವರು ಓದಿದರು, ಮೂರೂ ಪ್ರಶ್ನೆ ಕೇಳಿದರು, ಅವಳ ಹೆಸರಿನ ಮುಂದಿದ್ದ ಗುರುತನ್ನು ಸರಿಪಡಿಸಿದರು. "ನಿರುದ್ಯೋಗಿ, ಒಬ್ಬರು. ಬೀದಿ ಆಯ್ಕೆಯಾಯ್ತು. ಆರು ತಿಂಗಳ ಕೆಲಸ ಮಂಜೂರು."

ಅರ್ಜಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೂರು ಗುಂಡಿ ಇಲ್ಲದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಮುಂದೆ ಚಾಚಿದ. "ತುಂಬ ಉಪಕಾರವಾಯ್ತು ಮೇಡಂ. ನಾಳೆ ಎಷ್ಟು ಗಂಟೆಗೆ ಬರ್ಲಿ?"

"ನೀವಾ?" ಮೇಲ್ವಿಚಾರಕಿ ಕನ್ನಡಕದ ಮೇಲಿನಿಂದ ನೋಡಿದರು. "ಬೆಳಿಗ್ಗೆನೇ ಹೇಳಿದ್ನಲ್ಲ, ಈ ಕೆಲಸ ಬೀದಿಯ ನಿರುದ್ಯೋಗಿಗೆ."

"ನಾನೇ ಅಲ್ವಾ ಮೇಡಂ? ನಾಲ್ಕು ವರ್ಷದಿಂದ ನಾನೇ!"

"ನೆನ್ನೆವರೆಗೆ. ಇವತ್ತು ಒಂಬತ್ತು ಗಂಟೆ ಕೆಲಸ ಮಾಡಿದೀರಿ. ಒಂದು ಗಂಟೆ ಮಾಡಿದ್ರೇ ಸಾಕಿತ್ತು." ಅವರು ಮೇಷ್ಟ್ರ ಮಗಳ ಕಡೆ ತಿರುಗಿದರು. "ಬೀದೀಲಿ ನಿರುದ್ಯೋಗಿ ಅಂತ ಇರೋರು ನೀವೊಬ್ಬರೇ. ಅರ್ಜಿನೂ ನನ್ನ ಹೆಸರಿಗೇ ಬಂದಿದೆ. ಈಗಲೇ ಶುರು ಮಾಡ್ತೀರಾ? ಇವರ ಮನೆ ಒಂದು ಬಾಕಿ ಇದೆ."

ಅವಳು ಅರ್ಜಿಯ ಮುಖ ನೋಡಿದಳು. ಬೇಸರ ಅವಳಿಗೂ ಆಯಿತು. ಆದರೆ ಎರಡು ವರ್ಷ ಹುಡುಕಿ ಆಸೆ ಬಿಟ್ಟವಳ ಕೈಗೆ ಕೆಲಸ ಬಂದು ಬಿದ್ದಾಗ ಯಾರು ತಾನೆ ಬೇಡ ಅಂದಾರು? "ಸಿಕ್ಕರೆ ಹೋಗ್ತೀನಿ ಅಂತ ಮೊದಲೇ ಹೇಳಿದ್ದೆ," ಅಂದಳು ಮೆಲ್ಲಗೆ, ಪೆನ್ನು ತೆಗೆದುಕೊಳ್ಳುತ್ತ.

ಅರ್ಜಿ ಮನೆಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕುಳಿತ. ಹತ್ತು ನಿಮಿಷಕ್ಕೆ ಹೊಸ ಗಣತಿದಾರಳು ಬಂದಳು.

"ಅಮ್ಮಾ, ಮಗ ಏನ್ ಮಾಡ್ಕೊಂಡಿದಾರೆ?"

"ಸುಮ್ನೆ ಇದಾನಮ್ಮಾ," ಅಂದಳು ಅಮ್ಮ, ಬಾಯಿಪಾಠದಂತೆ.

"ಇಲ್ಲಮ್ಮಾ, ಉದ್ಯೋಗಿ." ಅವಳು ಗುರುತು ಹಾಕಿ, ಅಲ್ಲೇ ಭಾಗಿಸಿದಳು. "ಹದಿಮೂರಕ್ಕೆ ಒಂದು. ಎಂಟು ಚಿಲ್ಲರೆ ಇದ್ದದ್ದು ಏಳು ಚಿಲ್ಲರೆ ಆಯ್ತು. ನಿಮ್ಮಿಂದ ಬೀದಿ ನಿರುದ್ಯೋಗ ಇಳೀತು ನೋಡಿ." ಆಮೇಲೆ ಷರಾ ಕಾಲಮ್ಮಿಗೆ ಬಂದು, ಅವನ ಗುಂಡಿಯಿಲ್ಲದ ಅಂಗಿಯನ್ನೊಮ್ಮೆ ನೋಡಿ, ಬಹಳ ಹೊತ್ತು ಏನೋ ಬರೆದಳು. ಏನು ಬರೆದಳೆಂದು ಅವನು ಕೇಳಲಿಲ್ಲ.

ಅವಳು ಹೋದ ಮೇಲೆ ಎದುರಿನಿಂದ ದರ್ಜಿ ಬಂದ. ಕೈಯಲ್ಲಿ ಅರ್ಧ ಗುಂಡಿ ಹಾಕಿದ ಕೋಟು.

"ಏನಪ್ಪಾ ಅರ್ಜಿ, ಏನ್ ಮಾಡ್ತಾ ಇದೀಯ?"

ಈ ಸಲ ಅರ್ಜಿ ಚಪ್ಪಲಿ ನೋಡಲಿಲ್ಲ, ತಲೆ ಎತ್ತಿದ. "ಉದ್ಯೋಗಿ ಮಾಮ. ಕಾಗದದಲ್ಲೇ ಇದೆ."

"ಅದಕ್ಕೇ ಬಂದೆ. ನಿನ್ನಿಂದ ನನ್ನ ಮಗ ಮುನಿಸ್ಕೊಂಡು ಮೋರಿಕಟ್ಟೆ ಮೇಲೆ ಕೂತಿದಾನೆ, ಗುಂಡಿ ಕೆಲಸ ಎಲ್ಲ ನಿಂತಿದೆ. ನಾಳೆ ಬೆಳಿಗ್ಗೆಯಿಂದ ಅಂಗಡಿಗೆ ಬಂದ್ಬಿಡು. ದಿನಕ್ಕೆ ಐದೇ ಗಂಟೆ."

ಅರ್ಜಿ ಮೆಟ್ಟಿಲಿಂದ ಎದ್ದೇ ನಿಂತ. ಅರ್ಜಿ ಹಾಕದೆ ಮನೆ ಬಾಗಿಲಿಗೆ ಬಂದ ಮೊದಲ ಕೆಲಸ! "ಖಂಡಿತ ಬರ್ತೀನಿ ಮಾಮ. ಕೂಲಿ ಏನು ಕೊಡ್ತೀರಿ?"

"ಕೂಲಿನಾ?" ದರ್ಜಿ ಕೋಟನ್ನು ಅವನ ತೊಡೆಯ ಮೇಲೆ ಹಾಕಲು ಹೋಗಿ, ಅವನು ನಿಂತಿದ್ದರಿಂದ ಹೆಗಲ ಮೇಲೆ ಹಾಕಿದ. "ಸುಮ್ನೆ ಕಣೋ!"